ಕಾರಿಗೆ ಹೊದಿಸಿದ ಕೌದಿ

ಬೆಳಗ್ಗೆ ಪಕ್ಕದ ಮನೆಯವರು ಗೇಟಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿಸುತ್ತಿದ್ದರು. ಕಿಟಕಿಯಿಂದ ಆ ವಾಸನೆ ಬಂದದ್ದೇ ತಡ, ನಾನು ಚಿದ್ರಿಯ ಇದೇ ಮನೆಯಲ್ಲಿ ಕೂತು ಎಂಟು ವರ್ಷ ಹಿಂದಕ್ಕೆ ಜಾರಿದೆ. ವಾಸನೆಗಳದ್ದು ಹೀಗೇ ನೋಡಿ, ಹೇಳದೆ ಕೇಳದೆ ಕೈಹಿಡಿದು ಕರೆದೊಯ್ಯುತ್ತವೆ.

ಆಗಷ್ಟೇ ಒಂದು ಹಳೆಯ ಬಿಳಿ ಕಾರು ಕೊಂಡಿದ್ದೆ. ಅದರ ವಯಸ್ಸು ನನ್ನ ಸಂಸಾರದ ವಯಸ್ಸಿಗಿಂತ ಹೆಚ್ಚು. ನಿಲ್ಲಿಸಲು ಶೆಡ್ಡಿರಲಿಲ್ಲ. ಬಯಲಲ್ಲಿ ನಿಂತ ಅದನ್ನು ಕಂಡು ಅವ್ವನ ಕರುಳು ಚುರ್ರೆಂದಿತು. ತನ್ನ ಹಳೆಯ ಸೀರೆಗಳನ್ನೆಲ್ಲ ಹರಡಿಕೊಂಡು ಕೂತು, ಮೂರು ತಿಂಗಳಲ್ಲಿ ಕಾರಿನಳತೆಯ ಕೌದಿ ಹೊಲಿದಳು! ಕಟ್ಟಲು ಕಸೆ ಬೇರೆ. ಮಂಜಿನ ಮುಂಜಾವಿನಲ್ಲಿ ಅದನ್ನು ಹೊದ್ದ ಕಾರು ನಿದ್ದೆಗಣ್ಣಿನ ಎಮ್ಮೆಯಂತೆ ಕಾಣುತ್ತಿತ್ತು. ಓಣಿಯವರು ನಿಂತು ನೋಡಿದರೆ ನಾನು ಉಬ್ಬಿಹೋಗುತ್ತಿದ್ದೆ.

ಎರಡು ಮಳೆಗಾಲ ಕಳೆದವು. ಕಾರಿನ ಬಾಗಿಲ ಕೆಳಗೆ ಬಣ್ಣ ಗುಳ್ಳೆ ಎದ್ದಿತು. ಉಗುರಿಂದ ಕೆರೆದರೆ ಕಂದು ಪುಡಿ, ತುಕ್ಕು. ನಮ್ಮ ಕಡೆ ಜಂಗು ಅನ್ನುತ್ತಾರೆ. ಡೆಂಟಿಂಗ್ ಕೆಲಸದ ಖಾದರ್ ಉಸ್ತಾದರು ಸವರಿ ನೋಡಿ, ಮೇಲೆ ಏನು ಹೊದಿಸುತ್ತೀರಿ ಎಂದು ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ.

"ಸಾಹೇಬ್ರ, ಜಂಗು ಅದರಿಂದಾನೇ ಹಿಡ್ದದರಿ. ಹಸಿ ಅರಿವಿ ಮೈಗಿ ಅಂಟಿದ್ರ ಗಾಡಿಗಿ ಗಾಳಿ ಎಲ್ಲಿಂದ ಬರ್ಬೇಕ್ರಿ?"

ಉಸ್ತಾದರು ಮಿರುಗುವ ತಗಡು ಕಾಣುವ ತನಕ ತಿಕ್ಕಿದರು, ಬಾಗಿಲಡಿ ನೀರು ಇಳಿಯುವ ತೂತುಗಳ ಮಣ್ಣನ್ನು ತಂತಿಯಿಂದ ಬಿಡಿಸಿದರು, ರೆಡ್ ಆಕ್ಸೈಡ್ ಹಚ್ಚಿ ಬಣ್ಣ ಕೊಟ್ಟರು. ಕಾರಿನ ಕೆಲಸ ಮುಗಿಯಿತು. ಅವ್ವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಉಳಿಯಿತು.

ಸೂಜಿ ಚುಚ್ಚಿ ಗಡುಸಾದ ಅವಳ ಬೆರಳು ನೋಡಿದೆ. ಔರಾದ ರಸ್ತೆಯ ಕೆಸರಿನಿಂದ ಜಂಗು ಹಿಡಿಯಿತಂತೆ ಎಂದುಬಿಟ್ಟೆ. ಪಾಪ, ನಂಬಿದಳು. ಮರುದಿನವೇ ಕೌದಿಗೆ ಇನ್ನೊಂದು ಪದರ ಕೂಡಿಸಿ, ಕೆಸರು ಸಿಡಿಯದಂತೆ ನೆಲ ಮುಟ್ಟುವ ಅಂಚು ಹಚ್ಚತೊಡಗಿದಳು. ಬೇಕಿತ್ತೇ ನನಗೆ? ನೆಲದಿಂದೆದ್ದ ತೇವವೂ ಈಗ ಕಾರಿನಡಿಯಲ್ಲೇ ಉಳಿಯಿತು. ನಾನು ಕದ್ದು ತೆಗೆದಿಟ್ಟರೆ ಅವಳು ಮತ್ತೆ ಹೊದಿಸುವಳು. ಹೀಗೇ ಒಂದು ವರ್ಷ.

ಡಾಬಕಾದ ಮದುವೆಗೆ ಹೊರಟ ದಿನ ಅವ್ವ ಮುಂದಿನ ಸೀಟಿನಲ್ಲಿ ಕೂತು ಕಾಲೂರಿದಳು. ತುಕ್ಕು ತಿಂದ ತಳದ ತಗಡು ಸೀಳಿ ಕಾಲು ಕೆಳಗಿಳಿಯಿತು. ಹಿಮ್ಮಡಿಯಿಂದ ರಕ್ತ. ಅಲ್ಲೇ ಕೂತು ಅವಳ ಕಾಲು ಹಿಡಿದು ಎಲ್ಲ ಹೇಳಿದೆ.

ಅವ್ವ ಸೆರಗಿನಿಂದ ಹಿಮ್ಮಡಿ ಒತ್ತಿಹಿಡಿದು ನನ್ನತ್ತ ನೋಡಿದಳು.

"ನಾ ಏನ್ ಕಾರಿಗಿ ಹೊಲ್ದಿದ್ನೇನೋ? ನಿನಗ ಛಲೋ ಆಗ್ಲಿ ಅಂತ ಹೊಲ್ದಿದ್ನಿ. ಮೊದಲೇ ಹೇಳಿದ್ರ ಆಗ್ತಿತ್ತಲ್ಲ."

ಗಾಯ ಎಂಟು ದಿನದಲ್ಲಿ ಮಾಯಿತು. ಆ ಮಾತು ಇನ್ನೂ ಮಾಯ್ದಿಲ್ಲ.

ಇಷ್ಟು ನೆನೆಯುವಷ್ಟರಲ್ಲಿ ಅವ್ವ ಉಪ್ಪಿಟ್ಟು ತಂದಿಟ್ಟಳು. ಬಾಯಿಗಿಟ್ಟರೆ ಉಪ್ಪೇ ಉಪ್ಪು. ಈಚೆಗೆ ಹೀಗಾಗುತ್ತಿದೆ, ನಾವೆಲ್ಲ ನೀರು ಕುಡಿದು ನುಂಗಿ, ಛಲೋ ಆಗಿದೆ ಎನ್ನುತ್ತೇವೆ. ಇವತ್ತು ನುಂಗಲಾಗಲಿಲ್ಲ.

"ಅವ್ವಾ, ಉಪ್ಪು ಎರಡು ಸಲ ಬಿದ್ದದ ನೋಡು" ಎಂದೆ.

ಅವಳ ಮುಖ ಸಣ್ಣದಾಯಿತು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು.

"ಮತ್ತೇನೇನು ಮರಿಲತ್ತೀನೋ, ಅದೂ ಹೇಳಿಬಿಡು."