ತಮ್ಮನ ಕೆಲಸ ಊರಸಭೆಗೆ ಬಂದದ್ದು

ಅಮೆರಿಕದ ವರ್ಮಾಂಟ್ ರಾಜ್ಯದ ಕಿಂಬಲ್ ಹಾಲೋ ಎಂಬ ಊರಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಇಡೀ ಊರು ಸಭಾಭವನದಲ್ಲಿ ಸೇರಿ, ಕೈ ಎತ್ತಿ ತನ್ನ ಆಡಳಿತ ತಾನೇ ನಡೆಸಿಕೊಳ್ಳುತ್ತದೆ. ಆದರೆ ಯಾವ ವಿಷಯಕ್ಕೆ ಕೈ ಎತ್ತಬೇಕೆಂಬ ಪಟ್ಟಿ ತಿಂಗಳು ಮೊದಲೇ ಅಂಚೆ ಕಚೇರಿಯ ಬಾಗಿಲಲ್ಲಿ ಅಂಟಿರಬೇಕು. ಪಟ್ಟಿಯಲ್ಲಿ ಇಲ್ಲದ್ದನ್ನು ಎಷ್ಟು ಕೂಗಾಡಿದರೂ ಅದು ಬರೀ ಬಾಯಿಚಪಲ, ತೀರ್ಮಾನವಲ್ಲ.

ಆ ಪಟ್ಟಿ ಮಾಡುವ ಮೂವರ ಮಂಡಳಿಗೆ ಆರ್ಡಿಸ್ ಪೆಲ್ಕಿ ಅಧ್ಯಕ್ಷೆ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಊರಿನ ಅರ್ಧ ಜನರನ್ನು ಚಿಕ್ಕಂದಿನಲ್ಲಿ ಗದರಿಸಿ ಸೀಟಿನಲ್ಲಿ ಕೂರಿಸಿದವಳಾದ್ದರಿಂದ ಈಗಲೂ ಅವಳೆದುರು ಯಾರೂ ಸುಮ್ಮಸುಮ್ಮನೆ ಎದ್ದು ನಿಲ್ಲುತ್ತಿರಲಿಲ್ಲ. ಅವಳ ಲೆಕ್ಕ ಸರಳ. ಅಂಗಡಿಯಲ್ಲಿ ಚಳಿ ಕಾಯಿಸುವ ಒಲೆಯ ಸುತ್ತ ಜನ ಯಾವುದಕ್ಕೆ ಜಗಳವಾಡುತ್ತಾರೋ ಅದು ಸಭೆಗೆ ಬರಬೇಕು. ಬರದಿದ್ದರೆ ಜಗಳ ಮನೆಮನೆ ಹೊಕ್ಕು ಅಲ್ಲೇ ಕೊಳೆಯುತ್ತದೆ. ಬೀದಿನಾಯಿಗಳಿಂದ ಹಿಡಿದು ಗಾಂಜಾ ಅಂಗಡಿಯವರೆಗೆ ಎಲ್ಲವನ್ನೂ ಅವಳು ಪಟ್ಟಿಗೆ ಹಾಕಿ ಬೈಗುಳ ತಿಂದಿದ್ದಳು.

ಆ ವರ್ಷ ಒಲೆಯ ಸುತ್ತ ಜಗಳವಾಗಿದ್ದು ಅವಳ ತಮ್ಮ ಮರ್ಲ್‌ನ ಬಗ್ಗೆ. ತಾಯಿ ಸತ್ತ ಮೇಲೆ ಅವಳೇ ಸಾಕಿ ಬೆಳೆಸಿದ ತಮ್ಮ. ಊರಿನ ರಸ್ತೆಗಳ ಯಜಮಾನಿಕೆ ಅವನದು. ವರ್ಷವರ್ಷ ಚುನಾವಣೆಯಲ್ಲಿ ಎದುರಾಳಿಯೇ ಇಲ್ಲದೆ ಗೆಲ್ಲುತ್ತಿದ್ದ, ಹಿಮವನ್ನು ತನಗೆ ಬೇಕೆನಿಸಿದ ಕಡೆಯಿಂದ ತೆಗೆಯುತ್ತಿದ್ದ. ಉತ್ತರದ ಗುಡ್ಡದವರ ರಸ್ತೆಗೆ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಕೊನೆಗೆ ಆ ಗುಡ್ಡದ ಲೂಥರ್ ಸಹಿ ಸಂಗ್ರಹಕ್ಕೆ ಹೊರಟ: ಈ ಕೆಲಸಕ್ಕೆ ಚುನಾವಣೆ ಬೇಡ, ಅರ್ಜಿ ಕರೆದು ಮಂಡಳಿಯೇ ನೇಮಿಸಲಿ. ವಿಷಯ ಪಟ್ಟಿಗೆ ಸೇರಲು ಬೇಕಾದಷ್ಟು ಸಹಿಗಳೇನೋ ಬಿದ್ದವು. ಆದರೆ ಕೊನೆಯ ದಿನ ಅವನ್ನು ತರುತ್ತಿದ್ದ ಲೂಥರನ ಗಾಡಿ ಗುಡ್ಡದ ಹಿಮದಲ್ಲೇ ಹೂತುಹೋಯಿತು. ಅವನು ನಡೆದು ಬರುವಷ್ಟರಲ್ಲಿ ಮಂಡಳಿಯ ಕಚೇರಿಗೆ ಬೀಗ. ಹಿಮ ತೆಗೆದಿಲ್ಲವೆಂಬ ದೂರು ಹಿಮ ತೆಗೆಯದ್ದರಿಂದಲೇ ತಡವಾಯಿತು!

ಗಡುವು ಮೀರಿದ್ದನ್ನು ಮಂಡಳಿ ಬಿಟ್ಟುಬಿಡಬಹುದು, ಮನಸ್ಸಿದ್ದರೆ ತಾನಾಗಿಯೇ ಪಟ್ಟಿಗೆ ಸೇರಿಸಲೂಬಹುದು. ಸೇರಿಸಲೇಬೇಕೆಂದು ಸದಸ್ಯೆ ಕಾರ್ಲಾ ಹಟ ಹಿಡಿದಳು. ಇನ್ನೊಬ್ಬ ಸದಸ್ಯ ಫ್ಲಾಯ್ಡ್ ಬೇಡವೆಂದ.

"ನೋಡು ಆರ್ಡಿಸ್, ಅವನು ನಿನ್ನ ತಮ್ಮ. ಸಂಬಂಧಿಕರ ವಿಷಯ ಅಂತ ನೀನು ಪಕ್ಕಕ್ಕೆ ಸರಿದುಬಿಡು. ನಾವಿಬ್ರೂ ಸಮ ಆಗ್ತೀವಿ, ವಿಷಯ ತಾನಾಗೇ ಬಿದ್ದುಹೋಗುತ್ತೆ. ನಿನ್ನ ಮೇಲೆ ಯಾರೂ ಬೆರಳು ತೋರ್ಸೋ ಹಾಗಿಲ್ಲ," ಎಂದ ಫ್ಲಾಯ್ಡ್.

ಎಂಥ ಸಲೀಸಾದ ದಾರಿ! ಆರ್ಡಿಸ್‌ಗೆ ಆಸೆಯಾಗಲಿಲ್ಲವೆಂದರೆ ಸುಳ್ಳು.

"ಪಕ್ಕಕ್ಕೆ ಸರಿದ್ರೂ ತಮ್ಮನ್ನ ಕಾಪಾಡಿದ ಹಾಗೇ ಅಲ್ವೇನೋ? ಹಾಕು ಪಟ್ಟಿಗೆ," ಎಂದವಳೇ ಸಹಿ ಮಾಡಿದಳು.

ಮರುದಿನ ಮರ್ಲ್ ಬೂಟು ಕೂಡ ಬಿಚ್ಚದೆ ಅವಳ ಅಡುಗೆಮನೆಗೆ ನುಗ್ಗಿದ.

"ಊರ ಮುಂದೆ ನನ್ನ ಮಾನ ಹರಾಜಿಗಿಟ್ಯಲ್ಲೇ!"

"ಅಂಗಡೀಲಿ ಏನಂತಾರೆ ಗೊತ್ತಾ? ಮರ್ಲ್ ಅಕ್ಕನ ಬೆನ್ನ ಹಿಂದೆ ಬಚ್ಚಿಟ್ಕೊಂಡಿದಾನೆ ಅಂತಾರೆ ಕಣೋ."

"ಅನ್ಲಿ ಬಿಡು! ನಿನ್ನ ಗಂಟೇನು ಹೋಗುತ್ತೆ?"

ಅಂದಿನಿಂದ ಭಾನುವಾರದ ಊಟಕ್ಕೂ ಬರಲಿಲ್ಲ. ಊರ ರಸ್ತೆಗಳನ್ನೆಲ್ಲ ಎಂದಿಗಿಂತ ಚೊಕ್ಕವಾಗಿ ತೆಗೆದ, ಆ ಹಿಮವನ್ನು ಮಾತ್ರ ಅಕ್ಕನ ಮನೆಯ ದಾರಿಗೆ ಅಡ್ಡಲಾಗಿ ಸೊಂಟದೆತ್ತರ ಒಟ್ಟಿ ಹೋಗುತ್ತಿದ್ದ. ದಿನಾ ಬೆಳಿಗ್ಗೆ ಆರ್ಡಿಸ್ ಅದನ್ನು ಸಲಿಕೆಯಿಂದ ಎತ್ತಿ ಹಾಕುತ್ತ ಅವನನ್ನು ಬೈದಳು. ಬೈದು ಮುಗಿಸಿ ಅತ್ತಳು. ಇದ್ದ ಒಬ್ಬ ತಮ್ಮನನ್ನೂ ಪಟ್ಟಿಯ ಪಾಲು ಮಾಡಿದೆನಲ್ಲ ಎಂದು ತನ್ನನ್ನೇ ಹಳಿದುಕೊಂಡಳು.

ಸಭೆಯ ದಿನ ಆ ವಿಷಯ ಬಂದಾಗ ಫ್ಲಾಯ್ಡ್ ಎದ್ದು, "ಇದನ್ನ ಇಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗೋಣ," ಎಂದು ಸೂಚಿಸಿದ. ಊರಿಗೆ ಮುಜುಗರವಾದ ವಿಷಯವನ್ನು ಹೀಗೆ ದಾಟಿಸಿಬಿಡುವುದು ಅಲ್ಲಿನ ಹಳೆಯ ರೂಢಿ. ಹಾಗಾದರೆ ಯಾರೂ ಗೆಲ್ಲುವುದಿಲ್ಲ, ಸೋಲುವುದಿಲ್ಲ, ಊಟ ಬೇಗ ಸಿಗುತ್ತದೆ. ಜನ ನಿಟ್ಟುಸಿರು ಬಿಟ್ಟು ಕೈ ಎತ್ತಲು ಅಣಿಯಾದರು.

"ದಾಟ್ಸೋದು ಬೇಡ!"

ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಮರ್ಲ್ ಟೋಪಿ ತೆಗೆದ.

"ಇದನ್ನ ಪಟ್ಟಿಗೆ ಹಾಕಿದ್ದಕ್ಕೆ ನನ್ನಕ್ಕನ ಹತ್ರ ತಿಂಗಳಿಂದ ನಾನು ಮಾತು ಬಿಟ್ಟಿದೀನಿ. ದಾರಿಗೆ ಹಿಮ ಒಟ್ಟಿದೀನಿ. ಒಂದಿನ ಬಂದು, 'ತಪ್ಪಾಯ್ತು ಮಾರಾಯ' ಅಂದಿದ್ರೆ ನಾನೂ ಸುಮ್ಮನಾಗ್ತಿದ್ದೆ. ಅನ್ನಲಿಲ್ಲ ಅವಳು. ಅಷ್ಟು ಗಟ್ಟಿಯಾಗಿ ಅವಳು ನಿಂತ ಮೇಲೆ ನೀವು ಕೈ ಎತ್ತೋಕೆ ಹೆದರಿದ್ರೆ ಹೇಗ್ರಪ್ಪಾ? ಎತ್ತಿ, ನಾನು ನೋಡ್ತೀನಿ."

ಎತ್ತಿದರು. ತಮ್ಮನ ಪರವಾಗಿ ಎದ್ದ ಕೈಗಳಲ್ಲಿ ಆರ್ಡಿಸ್‌ಳದೂ ಇತ್ತು. ಚರ್ಚೆಗೆ ಬರಬೇಕೆಂದಿದ್ದಳೇ ಹೊರತು ತಮ್ಮ ಹೋಗಬೇಕೆಂದಿರಲಿಲ್ಲ. ಆದರೂ ಮರ್ಲ್ ಸೋತ. ಇನ್ನು ಆ ಕೆಲಸ ಮಂಡಳಿ ಕೊಟ್ಟವರಿಗೆ.

ಮರ್ಲ್ ಟೋಪಿಯನ್ನು ಕೈಯಲ್ಲಿ ಹಿಡಿದೇ ಮುಂದೆ ಬಂದ.

"ಮಂಡಳಿಗೆ ಒಂದು ಮಾತು. ನಾಳೆ ನನ್ನ ಅರ್ಜಿ ಬರುತ್ತೆ. ಈ ಸಲ ಮಾತ್ರ ಅಧ್ಯಕ್ಷೆ ಪಕ್ಕಕ್ಕೆ ಸರೀಬೇಕು. ಗೆದ್ರೆ ನಾನೇ ಗೆದ್ದೆ ಅನ್ನಿಸ್ಬೇಕು ನನಗೆ."

"ಗುಡ್ಡದ ರಸ್ತೆ ಎಷ್ಟೊತ್ತಿಗೆ ತೆಗೀತೀಯ ಅಂತಾನೂ ಬರ್ದು ಕೊಡು!" ಎಂದಳು ಕಾರ್ಲಾ. ಭವನಕ್ಕೆ ಭವನವೇ ನಕ್ಕಿತು, ಲೂಥರ್ ಎಲ್ಲರಿಗಿಂತ ಜೋರಾಗಿ.

ಆರ್ಡಿಸ್ ನಗಲಿಲ್ಲ. ಅವಳಿಗೆ ಎದೆ ತುಂಬಿ ಬಂದಿತ್ತು. ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿದ್ದೂ ಕಣ್ಣು ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಫ್ಲಾಯ್ಡ್‌ನ ಕಡೆ ಬಾಗಿ, "ನಾನು ಬೆಳೆಸಿದ ಹುಡುಗ ಕಣೋ ಅವನು," ಎಂದಳು.