ಶಾಮಿಯಾನದವನ ವಿಮಾನ

ನಮ್ಮ ಮನೆಯ ಅಟ್ಟದ ಮೇಲೆ, ಉಪ್ಪಿನಕಾಯಿ ಜಾಡಿಗಳಿಗೂ ಸುತ್ತಿಟ್ಟ ಹಳೆಯ ಜಮಖಾನಗಳಿಗೂ ನಡುವೆ, ಹತ್ತೊಂಬತ್ತು ವರ್ಷಗಳಿಂದ ಒಂದು ವಿಮಾನ ತಂಗಿತ್ತು. ಗಾಬರಿಯಾಗಬೇಡಿ, ರೆಕ್ಕೆಯ ತುದಿಯಿಂದ ತುದಿಗೆ ನಾನು ಎರಡೂ ತೋಳು ಚಾಚಿದಷ್ಟೇ ಅಗಲ, ತೂಕದಲ್ಲಿ ಒಂದು ಹದವಾದ ಸೋರೆಕಾಯಿ. ನೆಲದ ಮೇಲೆ ನಿಂತು, ಕೈಯಲ್ಲಿ ರಿಮೋಟು ಹಿಡಿದು ಹಾರಿಸುವ, ಹಗುರ ಮರದ ಪಟ್ಟಿಗಳಿಂದ ಕಟ್ಟಿದ ಮಾದರಿ ವಿಮಾನ.

ಹಿರಿಯೂರಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವವನಿಗೆ ಇದು ಎಲ್ಲಿಂದ ಬಂತು ಎಂದರೆ, ಚೌಕಾಸಿಯಿಂದ ಬಂತು. ಬಬ್ಬೂರಿಗೆ ವರ್ಗವಾಗಿ ಬಂದಿದ್ದ ಒಬ್ಬ ಸಜ್ಜನರು ಮಗಳ ನಾಮಕರಣಕ್ಕೆ ನನ್ನಿಂದ ಶಾಮಿಯಾನ ಹಾಕಿಸಿದ್ದರು. ಬಾಡಿಗೆಯ ಮಾತು ಬಂದಾಗ ಅವರ ಪಡಸಾಲೆಯಲ್ಲಿ ತೂಗುತ್ತಿದ್ದ ಈ ವಿಮಾನದ ಮೇಲೆ ನನ್ನ ಕಣ್ಣು ಬಿತ್ತು. ಬಾಡಿಗೆ ಬಿಟ್ಟೆ, ವಿಮಾನ ಪಡೆದೆ; ಹಾರಿಸಲು ಕಲಿಸಿಕೊಡುವುದನ್ನೂ ಅದೇ ಮಾತಿನಲ್ಲಿ ಸೇರಿಸಿಕೊಂಡೆ. ಮಿತ್ರರೇ, ವ್ಯವಹಾರದಲ್ಲಿ ವಸ್ತುವನ್ನಷ್ಟೇ ಕೇಳಬೇಡಿ, ವಿದ್ಯೆಯನ್ನೂ ಕೇಳಿ; ಕೊಡುವವನಿಗೆ ಅದರಿಂದ ಕಳೆಯುವುದೇನೂ ಇಲ್ಲವಾದ್ದರಿಂದ ಅವನು ಬೇಗ ಒಪ್ಪುತ್ತಾನೆ.

ಎರಡು ವರ್ಷ ಹಾರಿಸಿದೆ. ಆಮೇಲೆ ಕಸುಬು ಬೆಳೆಯಿತು. ಹೊಸದುರ್ಗದ ಮದುವೆ, ಹೊಳಲ್ಕೆರೆಯ ಗೃಹಪ್ರವೇಶ ಎಂದು ಲಾರಿ ಊರೂರು ಸುತ್ತತೊಡಗಿತು, ವಿಮಾನ ಅಟ್ಟ ಹತ್ತಿತು. ಈಗ ಯೋಚಿಸಿದರೆ ನಗು ಬರುತ್ತದೆ. ಶಾಮಿಯಾನದವನ ಕಸುಬು ಏನು? ಹಾರಬೇಕೆಂದಿರುವುದನ್ನು ಹಾರದಂತೆ ಕಟ್ಟಿಹಾಕುವುದು. ಬಟ್ಟೆಗೆ ಹಾರುವ ಹಂಬಲ ಹುಟ್ಟುಗುಣ. ಬೀಸುಗಾಳಿಯೊಂದು ಅಡಿಯಲ್ಲಿ ನುಗ್ಗಿತೆಂದರೆ ಗೂಟ, ಹಗ್ಗ, ಕಂಬ, ಊಟಕ್ಕೆ ಕೂತ ಬೀಗರು, ಯಾವುದರ ಮುಲಾಜೂ ಇಲ್ಲದೆ ಎದ್ದು ನಿಲ್ಲುತ್ತದೆ. ಅದರ ರೆಕ್ಕೆ ಕಟ್ಟುತ್ತಲೇ ನಾನು ಮನೆ ಕಟ್ಟಿದೆ, ತಲೆಗೂದಲನ್ನೂ ಹಣ್ಣಾಗಿಸಿಕೊಂಡೆ.

ಆಷಾಢದಲ್ಲಿ ಶುಭಕಾರ್ಯವಿಲ್ಲ, ಆದ್ದರಿಂದ ನನಗೆ ಕೆಲಸವಿಲ್ಲ. ಈ ಸಲದ ಆಷಾಢದಲ್ಲಿ ನನ್ನ ಹೆಂಡತಿ ನಾಗರತ್ನಳ ದೃಷ್ಟಿ ಅಟ್ಟದ ಮೇಲೆ ಬಿತ್ತು. ಮದುವೆ ಮಂಟಪಗಳ ಅಲಂಕಾರವೆಲ್ಲ ಅವಳದೇ. ಜರಿ ಪರದೆಗಳು ಗೋದಾಮಿನಲ್ಲಿ ಇಲಿಗಳ ಪಾಲಾಗುತ್ತಿದ್ದವು.

"ರೀ, ಅಟ್ಟ ಖಾಲಿ ಮಾಡ್ಕೊಡ್ರಿ."

"ವಿಮಾನ ಐತಲ್ಲೇ ಅಲ್ಲಿ."

"ಹಾರಿದ್ರೆ ವಿಮಾನ. ಹಾರದಿದ್ರೆ ಸೌದೆ."

ಮಾತು ಬೆಳೆದು ಒಪ್ಪಂದಕ್ಕೆ ಬಂತು. ಒಂದು ಸಲ ಹಾರಿಸಿ ತೋರಿಸಬೇಕು. ಇಡಿಯಾಗಿ ನೆಲಕ್ಕಿಳಿದರೆ ಅಟ್ಟ ವಿಮಾನದ್ದು. ಮುರಿದರೆ ಬಚ್ಚಲ ಒಲೆಗೆ. ನಾನು ಮೂರು ಅವಕಾಶ ಕೇಳಿದೆ, ಎರಡಕ್ಕೆ ಇಳಿದೆ. ಅವಳು ಒಂದರಿಂದ ಕದಲಲಿಲ್ಲ. ಎಷ್ಟೋ ಊರಿನ ಬೀಗರನ್ನು ಮಾತಿನಲ್ಲಿ ಮಣಿಸಿದವನು ನಾನು. ಮಣಿಯದವಳು ಇವಳೊಬ್ಬಳೇ, ಚೌಕಾಸಿಯನ್ನು ನನ್ನನ್ನು ನೋಡಿಯೇ ಕಲಿತವಳು.

ಹಳೆಯ ಎಂಜಿನ್ನು ತುಕ್ಕು ಹಿಡಿದಿತ್ತು. ಚಿತ್ರದುರ್ಗದಲ್ಲಿ ಮೊಬೈಲು ರಿಪೇರಿಯವನೊಬ್ಬನನ್ನು ಹಿಡಿದು ಬ್ಯಾಟರಿಯ ಮೋಟಾರು, ಹೊಸ ರಿಮೋಟು ಹಾಕಿಸಿದೆ. ಮೇಲೊಂದು ಬ್ಯಾಟರಿ ಕೊಡುವವರೆಗೆ ಅವನ ಅಂಗಡಿ ಬಿಟ್ಟು ಏಳಲಿಲ್ಲ. ಬಿರುಕುಗಳಿಗೆ ನಾನೇ ಗೋಂದು ಹಚ್ಚಿದೆ. ಕೈಗಳಿಗೆ ಹಿಡಿದ ತುಕ್ಕಿನ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ವಿಮಾನ ದೂರ ಹೋಗುವಾಗ ನಿಮ್ಮ ಎಡ ಅದರ ಎಡವೇ. ತಿರುಗಿ ನಿಮ್ಮತ್ತ ಬರುವಾಗ ಎಡಬಲ ಅದಲುಬದಲು. ಬೆರಳುಗಳಿಗೆ ಅದಿನ್ನೂ ನೆನಪಿದೆಯೇ ಎಂಬುದು ನನಗೇ ಗೊತ್ತಿರಲಿಲ್ಲ. ಅಟ್ಟ ಹೋಗುವುದಕ್ಕಿಂತ ಆ ಉತ್ತರ ಸಿಗುವುದಕ್ಕೇ ನನಗೆ ಹೆಚ್ಚು ಹೆದರಿಕೆಯಿತ್ತು.

ಬಬ್ಬೂರಿನ ಆಚೆ, ಹಿಂದುಗಡೆ ಜಾಲಿ ಪೊದೆಯಿರುವ ಒಂದು ಬೀಳು ಹೊಲಕ್ಕೆ ನಾನೂ ನಾಗರತ್ನಳೂ ಹೋದೆವು. ಅಲ್ಲಿ ಕುರಿ ಬಿಟ್ಟುಕೊಂಡು, ಹೆಗಲಿಗೆ ಕಂಬಳಿ ಹಾಕಿಕೊಂಡು ಪಕ್ಕದ ಹಟ್ಟಿಯ ಚಿತ್ತಯ್ಯಜ್ಜ ನಿಂತಿದ್ದ.

"ಏನ್ರಿ ಸಾವ್ಕಾರ್ರೆ ಅದು, ಹದ್ದಿದ್ದಂಗೈತೆ?"

"ವಿಮಾನ, ಅಜ್ಜ."

"ಈ ಗಾಳಿನಾಗಾ? ಹೋದೊರ್ಷ ನಮ್ಮ ಹಟ್ಟಿಗೆ ಬಂದಾಗ, ಗಾಳಿ ಜೋರೈತೆ, ಶಾಮಿಯಾನ ಹಾಕಕಾಗಲ್ಲ ಅಂದೋರು ನೀವೇ ಅಲ್ಲೇನ್ರಿ?"

"ಅದು ಬಟ್ಟೆ ಅಜ್ಜ, ಇದು ವಿಮಾನ."

"ಗಾಳಿಗೆ ಗೊತ್ತೇನ್ರಿ ಅದು?"

ನಾಗರತ್ನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಗಾಳಿಯ ಗುಣವನ್ನು ಊರಿಗೆಲ್ಲ ಬೋಧಿಸಿದ ನಾನು, ಬಿಡುವು ಸಿಗುವ ಒಂದೇ ತಿಂಗಳು ಗಾಳಿಗೆ ಬಿಡುವಿಲ್ಲದ ತಿಂಗಳೆಂಬುದನ್ನು ಮರೆತಿದ್ದೆ. ಮರೆತೆನೆಂದು ಒಪ್ಪಿಕೊಳ್ಳುವುದಕ್ಕಿಂತ ಹಾರಿಸುವುದೇ ಸುಲಭವೆನಿಸಿತು.

ಗಾಳಿಗೆ ಮುಖ ಮಾಡಿ ಎಸೆದೆ. ವಿಮಾನ ಏಣಿ ಹತ್ತುವ ಹಾಗೆ ನೆಟ್ಟಗೆ ಮೇಲೇರಿ, ನೋಡನೋಡುತ್ತ ನಿಂತುಬಿಟ್ಟಿತು. ಮೋಟಾರು ಪೂರ್ತಿ ತಿರುಗುತ್ತಿತ್ತು. ಮೋಟಾರು ತಳ್ಳುವಷ್ಟನ್ನು ಗಾಳಿ ಹಿಂದಕ್ಕೆ ತಳ್ಳುತ್ತಿತ್ತು.

"ನಿಂತ್ಕಂಡೈತಲ್ರಿ," ಎಂದ ಅಜ್ಜ. "ಯಾರಿಗಾನ ಕಾಯ್ತಾ ಐತೇನು?"

ನಿಂತಲ್ಲೇ ನಿಲ್ಲಬೇಡ ಎಂಬುದು ನಾನು ಎಲ್ಲರಿಗೂ ಪುಕ್ಕಟೆ ಕೊಡುವ ಉಪದೇಶ. ಅಳಿಯನಿಗೆ, ಲಾರಿ ಡ್ರೈವರಿಗೆ, ಅಂಗಡಿಗೆ ಬರುವ ಹೊಸ ಮದುಮಗನಿಗೆ, ಯಾರನ್ನೂ ಬಿಟ್ಟಿಲ್ಲ. ಅಂದು ಆ ಮರದ ಹಕ್ಕಿ ಒಂದಿಷ್ಟೂ ಮುಂದೆ ಹೋಗದೆ, ಬೀಳದೆ, ಇದ್ದಲ್ಲಿ ಇರುವುದಕ್ಕಾಗಿಯೇ ಇರುವ ಶಕ್ತಿಯನ್ನೆಲ್ಲ ಸುರಿಯುತ್ತ ನಿಂತಿರುವಾಗ, ರೆಕ್ಕೆ ಒಂದಿಷ್ಟು ವಾಲಿದರೂ ನನ್ನ ಹೆಬ್ಬೆರಳು ಕೇಳದೆಯೇ ಅದನ್ನು ತಿದ್ದುತ್ತಿತ್ತು. ಬೆರಳು ಮರೆತಿರಲಿಲ್ಲ. ನಿಲ್ಲುವುದೂ ಒಂದು ದುಡಿಮೆಯೇ ಎಂದು ನನಗೆ ಅನ್ನಿಸಿದ್ದು ಅದೇ ಮೊದಲು. ಅಳಿಯನಿಗೆ ಇದನ್ನಿನ್ನೂ ಹೇಳಿಲ್ಲ.

ಸುಖ ಎರಡು ನಿಮಿಷವೂ ಇರಲಿಲ್ಲ. ಗಾಳಿ ಇನ್ನಷ್ಟು ಬಲಿಯಿತು; ವಿಮಾನ ಮುಖ ತಿರುಗಿಸದೆಯೇ, ಹಿರಿಯರೆದುರಿನಿಂದ ಸರಿಯುವ ಸೊಸೆಯಂತೆ ಹಿಂದಹಿಂದಕ್ಕೆ ಬರತೊಡಗಿತು. ನಮ್ಮ ತಲೆ ದಾಟಿತು. ಅದರ ಬೆನ್ನಿಗೆ ಜಾಲಿ ಪೊದೆ. ರಿಮೋಟು ಪೀಪೀ ಎಂದು ಬ್ಯಾಟರಿ ಮುಗಿಯುತ್ತಿರುವುದನ್ನು ಸಾರಿತು. ಇಳಿಸದಿದ್ದರೆ ಮುಳ್ಳಿನ ಪಾಲು; ಮೋಟಾರು ಕಡಿಮೆ ಮಾಡಿ ಇಳಿಸೋಣವೆಂದರೆ ಇನ್ನೂ ಬೇಗ ಮುಳ್ಳಿನ ಪಾಲು. ಬಚ್ಚಲ ಒಲೆ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಅಜ್ಜ ಹೆಗಲ ಕಂಬಳಿ ಬಿಚ್ಚಿ ಪೊದೆಯ ಕಡೆ ಓಡಿದ. "ಯಾರಾನ ಆ ಕಡೆ ಹಿಡ್ಕಳ್ರಿ, ಒಬ್ಬನ ಕೈಲಾಗಲ್ಲ."

ನನ್ನ ಎರಡೂ ಕೈ ರಿಮೋಟಿನಲ್ಲಿ. ಪಕ್ಕಕ್ಕೆ ನೋಡಿದರೆ ನಾಗರತ್ನಳ ಚಪ್ಪಲಿಗಳು ಮಾತ್ರ ಇದ್ದವು. ವಿಮಾನ ಮುರಿದರೆ ಲಾಭವಾಗಬೇಕಿದ್ದವಳು ಸೆರಗು ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ಕಲ್ಲುಮುಳ್ಳು ಚುಚ್ಚುವ ಹೊಲದಲ್ಲಿ ಓಡುತ್ತಿದ್ದಳು.

"ಅಜ್ಜ, ಇನ್ನೊಂದ್ ಹೆಜ್ಜೆ ಬರ್ರಿ, ಎಳ್ದು ಹಿಡೀರಿ. ರೀ, ಇಳಿಸ್ರಿ. ಮೆಲ್ಲಕೆ ಇಳಿಸ್ರಿ. ಮೆಲ್ಲಕೆ ಅಂದ್ನಲ್ಲ."

"ಗಾಳಿಗೆ ಹೇಳೇ," ಎಂದೆ.

"ಈ ಗಾಳಿಗೆ ತಂದೋರು ನೀವು. ಈಗ ಬಿಡ್ರಿ."

ಮೋಟಾರು ನಿಲ್ಲಿಸಿದೆ. ಅವರಿಬ್ಬರೂ ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡು ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ ಸರಿದರು. ವಿಮಾನ ಜಾಲಿಗೆ ಮಾರುದ್ದ ಈಚೆ, ದಣಿದ ಕುರಿಮರಿಯಂತೆ, ಕಂಬಳಿಯ ನಡುವೆ ಒರಗಿತು. ಒಂದು ಪಟ್ಟಿಯೂ ಮುರಿದಿರಲಿಲ್ಲ.

ನಾನು ಏದುಸಿರು ಬಿಡುತ್ತ ಹತ್ತಿರ ಹೋದೆ. "ಇಡಿಯಾಗೈತೆ ನೋಡು. ಅಟ್ಟ ನಂದು."

"ಯಾಕೆ? ನೆಲಕ್ಕೆ ಇಳೀತೇನು?"

"ಮುರ್ದೂ ಇಲ್ವಲ್ಲೇ."

"ಅದಕ್ಕೇ ಅಂತೀನಿ. ನಿಮ್ದೂ ಆಗಲಿಲ್ಲ, ನಂದೂ ಆಗಲಿಲ್ಲ. ಇದು ಲೆಕ್ಕಕ್ಕೇ ಇಲ್ಲ." ಮುಖದ ಮೇಲಿನ ಕೂದಲನ್ನು ಉಫ್ ಎಂದು ಊದಿಕೊಂಡಳು. "ಇನ್ನೊಂದ್ಸಲ ಹಾರಿಸ್ರಿ."

ನನ್ನ ಬಳಿ ವಾದಗಳಿಗೆ ಬರವಿರಲಿಲ್ಲ. ಕಂಬಳಿ ನೆಲದ ಲೆಕ್ಕಕ್ಕೇ ಬರುತ್ತದೆಂದು ಸಾಧಿಸಬಹುದಿತ್ತು. ಹಿಡಿದವಳು ನೀನೇ ಆದ್ದರಿಂದ ತೀರ್ಪು ಕೊಡುವ ಹಕ್ಕು ನಿನಗಿಲ್ಲ ಎನ್ನಬಹುದಿತ್ತು. ಕೈಗೆ ಬಂದ ವ್ಯವಹಾರ ಕೇಳಿದ್ದಕ್ಕಿಂತ ಚೆನ್ನಾಗಿದ್ದಾಗ, ಮಿತ್ರರೇ, ಬಾಯಿ ಮುಚ್ಚಿಕೊಂಡಿರಿ. ಜೇಬಿನಿಂದ ಎರಡನೆಯ ಬ್ಯಾಟರಿ ತೆಗೆದೆ.

"ನಾನು ಕಂಬಳಿ ಹೊದ್ಕಂಡು ಹೋಗಾಣೇನ್ರಿ ಹಂಗಾರೆ?" ಎಂದು ಅಜ್ಜ ಕೇಳಿದ.

ನಾಗರತ್ನ ತನ್ನ ಕಡೆಯ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ.