ಕಂಪ್ಯೂಟರ್ ಮೇಷ್ಟ್ರಿಗೆ ಹೇಳದೇ ಉಳಿದದ್ದು

ಮೊನ್ನೆ ಕೊಪ್ಪದಲ್ಲಿ ಪ್ರಿಂಟ್ ತೆಗೆಸಲು ಹೋದ ಅಂಗಡಿಯಲ್ಲಿ ಹಳೆಯ ಸಿಪಿಯು ಒಂದನ್ನು ಬಿಚ್ಚಿಟ್ಟಿದ್ದರು. ಕಾದ ಧೂಳಿನ, ಸ್ವಲ್ಪ ಸುಟ್ಟ ಪ್ಲಾಸ್ಟಿಕ್ಕಿನಂಥ ವಾಸನೆ. ಬಂದ ಕೆಲಸವನ್ನೇ ಮರೆತು ನಿಂತುಬಿಟ್ಟೆ. ನಮ್ಮ ಕಂಪ್ಯೂಟರ್ ಮೇಷ್ಟ್ರ ಕೋಣೆಯಲ್ಲಿ ಸದಾ ಇರುತ್ತಿದ್ದ ವಾಸನೆ ಅದು...

ಆಗ ನಾನು ಜಯಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತೆ. ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ಕೆಲಸ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಮೇಷ್ಟ್ರು ಹಿರೇಕೊಡಿಗೆಯಿಂದ ಬರುತ್ತಿದ್ದರು. ಪ್ರತಿ ವರ್ಷ ಹೆಡ್‌ಮಾಸ್ಟರು ಬರೆದುಕೊಟ್ಟರಷ್ಟೇ ಮುಂದುವರಿಯುವ ಗುತ್ತಿಗೆ ಕೆಲಸ ಅವರದು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಗುಜರಿಗೆ ಹೋಗಬೇಕಿದ್ದ ಕಂಪ್ಯೂಟರುಗಳಿಗೆಲ್ಲ, ಆಫೀಸಿನದಕ್ಕೂ, ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಓಡುವಂತೆ ಮಾಡಿದ್ದರು. ಹೆಡ್‌ಮಾಸ್ಟರಿಗೆ ಅದು ಮೊದಲಿನಿಂದಲೂ ಇಷ್ಟವಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಹೋಗಿಯಾಗಿತ್ತು. ಆಫೀಸಿನ ಕಂಪ್ಯೂಟರಿನಲ್ಲಿ ಅಪ್‌ಡೇಟ್ ನಡೆಯುತ್ತಿತ್ತು. ಆಫ್ ಮಾಡಬಾರದೆಂದು ತೆರೆಯ ಮೇಲೇ ಬರೆದಿತ್ತು. ಬಸ್ಸಿನ ಹಾರ್ನ್ ಕೇಳಿಸಿತು. ಗೋಡೆಯ ಸ್ವಿಚ್ ಆಫ್ ಮಾಡಿ ಓಡಿದೆ.

ಸೋಮವಾರ ಅದು ಏಳಲಿಲ್ಲ. ಕಪ್ಪು ತೆರೆ, ಅದರ ಮೇಲೆ ಬಿಳಿ ಅಕ್ಷರದ ನಾಲ್ಕು ಸಾಲು. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಹತ್ತನೇ ತರಗತಿಯ ಮಕ್ಕಳ ವಿವರವೆಲ್ಲ ಅದರೊಳಗಿತ್ತು. ಆ ವಾರವೇ ಪರೀಕ್ಷಾ ಮಂಡಳಿಗೆ ಕಳಿಸಬೇಕಿತ್ತು.

“ಎಂತ ಮಾರಾಯ್ರೆ, ನಾನು ಮೊದ್ಲೇ ಹೇಳಿರ್ಲಿಲ್ವಾ? ಏನೇನೋ ಹಾಕಿ ಕೆಡಿಸಿಟ್ರಿ!” ಹೆಡ್‌ಮಾಸ್ಟರು ಎಲ್ಲರ ಎದುರೇ ಮೇಷ್ಟ್ರ ಮೇಲೆ ಕೂಗಾಡಿದರು. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ ಅನ್ನಿಸಿತು... ಹೋಗುತ್ತಿತ್ತೋ ಇಲ್ಲವೋ, ಈಗಲೂ ಗೊತ್ತಿಲ್ಲ.

ಮೇಷ್ಟ್ರು ಮೂರು ದಿನ ಅದರ ಮುಂದೆ ಕೂತರು. ಪೆನ್‌ಡ್ರೈವ್ ಹಾಕಿ ಎಬ್ಬಿಸಿ, ಮೊದಲು ಮಕ್ಕಳ ವಿವರವನ್ನು ಹೊರಗೆ ತೆಗೆದರು. ಆಮೇಲೆ ಡಿಸ್ಕ್ ಪರೀಕ್ಷಿಸಿ, ಅರ್ಧಕ್ಕೆ ನಿಂತಿದ್ದ ಅಪ್‌ಡೇಟನ್ನು ಪೂರ್ತಿ ಮಾಡಿದರು. ಒಂದು ಮಗುವಿನ ಹೆಸರೂ ಕಳೆದುಹೋಗಲಿಲ್ಲ. ಆದರೆ ಆ ವರ್ಷ ಹೆಡ್‌ಮಾಸ್ಟರು ಅವರಿಗೆ ಬರೆದುಕೊಡಲಿಲ್ಲ. ಕೊನೆಯ ದಿನ ಕೋಣೆಯ ಕೀಲಿಕೈ ನನ್ನ ಮೇಜಿನ ಮೇಲಿಟ್ಟು, “ಬರ್ತೇನೆ ಮೇಡಂ” ಎಂದು ಹೊರಟರು.

ಆಮೇಲೆ ಅವರ ಸುದ್ದಿ ಅಲ್ಲಿ ಇಲ್ಲಿ ಕಿವಿಗೆ ಬೀಳುತ್ತಿತ್ತು. ಮನೆಮನೆಗೆ ಹೋಗಿ ರಿಪೇರಿ ಮಾಡುತ್ತಾರಂತೆ, ಕಿಡ್ನಿ ಕೆಟ್ಟಿದೆಯಂತೆ... ಎರಡು ವರ್ಷದ ನಂತರ ಆಫೀಸಿನ ಕಂಪ್ಯೂಟರ್ ಮತ್ತೆ ಕೈಕೊಟ್ಟಿತು. ಬೇರೆ ದಾರಿ ಕಾಣದೆ ಅವರಿಗೇ ಫೋನ್ ಮಾಡಿದೆ. ಶಿವಮೊಗ್ಗದಲ್ಲಿ ಆಸ್ಪತ್ರೆಯಲ್ಲಿದ್ದರು. ಹಾಗಾದರೆ ಬೇಡ, ಇಡುತ್ತೇನೆ ಅಂದರೂ ಕೇಳಲಿಲ್ಲ.

“ಆನ್ ಮಾಡಿದ ಕೂಡ್ಲೇ ಶಿಫ್ಟ್ ಒತ್ತಿ ಹಿಡ್ಕೊಳ್ಳಿ. ಪಟ್ಟಿ ಬಂತಾ? ಎರಡನೇ ಸಾಲಿಗೆ ಹೋಗಿ ಎಂಟರ್ ಒತ್ತಿ. ಒಳಗೆ ಹಳೇ ವರ್ಷನ್ ಒಂದಿರತ್ತೆ, ಅದನ್ನ ಆರಿಸಿ.”

ಮಧ್ಯೆ ಮಧ್ಯೆ ಉಸಿರಿಗಾಗಿ ನಿಲ್ಲುತ್ತಿದ್ದರು. ಅವರ ಹೆಂಡತಿಯಿರಬೇಕು, “ಸಾಕು, ಮಲಗಿ” ಅನ್ನುವುದು ಕೇಳಿಸುತ್ತಿತ್ತು. ಕಂಪ್ಯೂಟರ್ ಎದ್ದಿತು.

“ಬಂತು ಸರ್.”

“ಸದ್ಯಕ್ಕೆ ಹೀಗೇ ತೆಗೀತಾ ಇರಿ. ಹುಷಾರಾದ್ಮೇಲೆ ಬಂದು ಪೂರ್ತಿ ಸರಿ ಮಾಡ್ಕೊಡ್ತೇನೆ.”

ನನಗೆ ತಡೆಯಲಾಗಲಿಲ್ಲ. “ಸರ್, ಆವತ್ತು ಶನಿವಾರ...” ಎಂದು ಶುರುಮಾಡಿದೆ.

“ಗೊತ್ತು ಮೇಡಂ. ಎಷ್ಟು ಹೊತ್ತಿಗೆ ಆಫ್ ಆಗಿದೆ ಅಂತ ಅದ್ರೊಳಗೇ ಬರ್ದಿರತ್ತೆ. ಆ ಹೊತ್ತಿಗೆ ಇದ್ದದ್ದು ನೀವೊಬ್ರೇ.” ಉಸಿರೆಳೆದುಕೊಂಡು ಮುಂದುವರಿಸಿದರು. “ನೀವಾಗೇ ಹೇಳ್ತೀರಿ ಅಂತ ಕಾದೆ.”

ಅದಾಗಿ ಹದಿನೈದು ದಿನಕ್ಕೆ ಮೇಷ್ಟ್ರು ಹೋದರು. ಹಿರೇಕೊಡಿಗೆಗೆ ಹೋಗಿ ಅವರ ಹೆಂಡತಿಯ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಹೆಡ್‌ಮಾಸ್ಟರು ನಿವೃತ್ತರಾಗಿ ಈಗ ಕೊಪ್ಪದಲ್ಲೇ ಇದ್ದಾರೆ. ಸಿಕ್ಕಾಗೆಲ್ಲ ನಿಂತು ಮಾತಾಡಿಸುತ್ತಾರೆ. ಮೇಷ್ಟ್ರೇ ಕೆಡಿಸಿದ್ದೆಂದು ಅವರು ಇವತ್ತಿಗೂ ನಂಬಿದ್ದಾರೆ. ನನ್ನ ಕೆಲಸ ಕಾಯಂ ಆಗಿ ಎಷ್ಟೋ ಕಾಲವಾಯಿತು, ಹೆದರಲು ಇನ್ನು ಕಾರಣವೇ ಇಲ್ಲ. ಆದರೂ ನಾನು ಇನ್ನೂ ಹೇಳಿಲ್ಲ.